ಟ್ಯಾಂಕಿನ ತಳ

ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಅದಕ್ಕೇ, ಸೋಮವಾರ ಬೆಳಿಗ್ಗೆ ಕಾಲೇಜು ಬಸ್ಸಿನ ಟ್ಯಾಂಕಿಗೆ ಮೂರನೆಯ ಕ್ಯಾನು ಸುರಿಯುತ್ತಿದ್ದಾಗ ಸುತ್ತ ನಿಂತ ಹುಡುಗಿಯರು ಯಾಕೆ ಕಿಸಿಕಿಸಿ ನಗುತ್ತಿದ್ದಾರೆಂಬುದು ಅವಳಿಗೆ ಹೊಳೆಯಲಿಲ್ಲ. ಕೊನೆಗೆ ಅವರಲ್ಲೊಬ್ಬಳು ಬಾಯಿ ಬಿಟ್ಟಳು.

"ಲ್ಯಾಬಮ್ಮ, ಬಸ್ಸು ಥೇಟ್ ಮೆಸ್ಸಿನ ಥರ ಘಮ್ ಅಂತಿದೆ. ತಟ್ಟೆ ತಗೊಂಡು ಬರೋಣ್ವಾ?"

"ತಟ್ಟೆ ಬೇಡ. ಆಲಿಕೆ ನೆಟ್ಟಗೆ ಹಿಡಿ, ಚೆಲ್ಲುತ್ತೆ" ಎಂದಳು ಅವಳು.

ಹನ್ನೊಂದನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ವಾಪಸು ಹೋಗುವಾಗ ಅವಳ ಮೂಗಿನ ಕಸುಬನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ಉಸಿರಾಡಲು, ಕನ್ನಡಕ ಕೂರಿಸಲು ಬಿಟ್ಟರೆ ಮೂಗು ಮತ್ತಾವುದಕ್ಕೂ ಆಗುತ್ತಿರಲಿಲ್ಲ. ಅವಳ ಒಲೆಯ ಮೇಲೆ ಹಾಲು ಸೀದರೆ ಪಕ್ಕದ ಮನೆಯವರಿಗೆ ಮೊದಲು ಗೊತ್ತಾಗುತ್ತಿತ್ತು. ಮೂಗಿದ್ದವರು ಅಂದಾಜಿನ ಮೇಲೆ ಬದುಕಬಹುದು. ಅವಳು ಅಳತೆಯ ಮೇಲೆ ಬದುಕಬೇಕಾಯಿತು. ಹಾಲಿಗೆ ಗಡಿಯಾರ, ಮೊಸರಿಗೆ ತಾರೀಖು, ಬಟ್ಟೆಗೆ ವಾರ. ಅಂಥವಳಿಗೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಕೆಲಸ ಸಿಕ್ಕಿದ್ದು ಮೀನಿಗೆ ನೀರು ಸಿಕ್ಕಿದ ಹಾಗಾಯಿತು. ಹುಡುಗರು ಮೂಗು ಮುಚ್ಚಿಕೊಂಡು ಓಡುವ ಕಡೆ ಅವಳು ತಣ್ಣಗೆ ನಿಂತು ಗಾಜಿನ ಸಾಮಾನು ತೊಳೆಯುತ್ತಿದ್ದಳು.

ಆರು ವರ್ಷದ ಹಿಂದೆ ಅಲ್ಲಿನ ಮೇಷ್ಟ್ರೊಬ್ಬರು ಒಂದಿಷ್ಟು ಹುಡುಗರನ್ನು ಕಟ್ಟಿಕೊಂಡು, ಮೆಸ್ಸಿನಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಪ್ರಯೋಗ ಹೂಡಿದ್ದರು. ಹುಡುಗರು ಪಾಸಾಗಿ ಹೋದರು. ಮೇಷ್ಟ್ರು ಪ್ರಶಸ್ತಿ ಪತ್ರ ತೆಗೆದುಕೊಂಡು ಬೇರೆ ಕಾಲೇಜಿಗೆ ಹೋದರು. ಉಳಿದದ್ದು ಹಿತ್ತಲ ಕಡೆಯ ಶೆಡ್ಡು, ಎರಡು ಡ್ರಮ್ಮು, ಮತ್ತು ಥರ್ಮಾಮೀಟರು ಹಿಡಿದುಕೊಂಡು ನಿಂತಿದ್ದ ಅವಳು. ಬಿಟ್ಟುಬಿಡು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವಳು ಮುಂದುವರಿಸಿದಳು.

ಮೊದಲು ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಚಟಪಟ ನಿಲ್ಲುವವರೆಗೆ ಕಾಯಿಸುತ್ತಿದ್ದಳು. ನೀರಿನ ಒಂದಂಶ ಉಳಿದರೂ ಮುಂದಿನದೆಲ್ಲ ಹಾಳು. ಆಮೇಲೆ ಒಂದು ಚೂರು ಎಣ್ಣೆ ತೆಗೆದು, ಬಣ್ಣ ತೋರಿಸುವ ಸೂಚಕ ಬೆರೆಸಿ, ಬಣ್ಣ ಗುಲಾಬಿಗೆ ತಿರುಗುವವರೆಗೆ ಕ್ಷಾರದ ನೀರನ್ನು ಹನಿ ಹನಿಯಾಗಿ ಬಿಟ್ಟು ಎಣಿಸಬೇಕು. ಎಣ್ಣೆ ಎಷ್ಟು ಸಲ ಕರಿದು ಸತ್ತಿದೆ ಎಂದು ಆ ಹನಿಗಳೇ ಹೇಳುತ್ತವೆ. ಆ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ತೂಗಿ, ಮೆಥನಾಲಿನಲ್ಲಿ ಕರಗಿಸಿ, ಬೆಚ್ಚಗಿನ ಎಣ್ಣೆಗೆ ಹಾಕಿ ಒಂದು ಗಂಟೆ ತಿರುವುವುದು. ಮೆಥನಾಲಿನ ಆವಿ ಕಣ್ಣಿಗೆ, ಪ್ರಾಣಕ್ಕೆ ಕೆಟ್ಟದ್ದು, ಅವಳ ಮೂಗಂತೂ ಎಚ್ಚರಿಕೆ ಕೊಡುವುದಿಲ್ಲ. ಅದಕ್ಕೆ ಶೆಡ್ಡಿನ ಎರಡೂ ಬಾಗಿಲ ಚಿಲಕ ಕಿತ್ತು ಎಸೆದಿದ್ದಳು, ಮುಚ್ಚುವ ಮಾತೇ ಇಲ್ಲ. ಮರುದಿನದ ಹೊತ್ತಿಗೆ ಡ್ರಮ್ಮಿನ ತಳದಲ್ಲಿ ಕಂದು ಬಣ್ಣದ ಪಾಕದಂಥ ಗ್ಲಿಸರಿನ್, ಮೇಲೆ ಬಯೋಡೀಸೆಲ್. ಕೆಳಗಿನದನ್ನು ಬಸಿದು, ಮೇಲಿನದನ್ನು ನೀರಲ್ಲಿ ತೊಳೆದು, ಆ ನೀರು ತಿಳಿಯಾಗುವವರೆಗೆ ಮತ್ತೆ ತೊಳೆದು, ಒಣಗಿಸಿ, ಗಾಜಿನ ಜಾಡಿಗೆ ತುಂಬಿ ಹಿಂದೆ ಪೇಪರ್ ಹಿಡಿಯುತ್ತಿದ್ದಳು. ಅಕ್ಷರ ಓದಲು ಬಂದರೆ ಪಾಸು.

ಅವಳೊಬ್ಬಳೇ ಮಾಡಿದ ಮೊದಲ ಸಲ ನೀರು ಉಳಿದುಬಿಟ್ಟು ಡ್ರಮ್ಮಿಗೆ ಡ್ರಮ್ಮೇ ಸಾಬೂನಾಗಿ ಹೆಪ್ಪುಗಟ್ಟಿತ್ತು. ಮೆಸ್ಸಿನ ಹಿರಿಯ ಅಡುಗೆಯವಳಾದ ಅವಳ ಅಕ್ಕ ಅದರಲ್ಲಿ ಮೂರು ತಿಂಗಳು ಬಾಣಲೆ ತಿಕ್ಕಿದಳು. "ನೀನು ಸೋತರೂ ನನಗೆ ಲಾಭವೇ ಕಣೇ" ಎಂದಳು. ಈಗ ಅರವತ್ತೊಂದನೆಯ ಡ್ರಮ್ಮು. ಪ್ರತಿಯೊಂದಕ್ಕೂ ಅವಳ ನೋಟ್‌ಬುಕ್ಕಿನಲ್ಲಿ ಒಂದು ಪುಟ, ಪುಟಕ್ಕೆ ಎರಡೇ ತಲೆಬರಹ: ಬಂದದ್ದು, ಹೋದದ್ದು. ಕಾಲೇಜಿನ ಜನರೇಟರು ನಾಲ್ಕು ತಿಂಗಳಿಂದ ಅವಳ ಎಣ್ಣೆಯಲ್ಲೇ ಓಡುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಓಡುತ್ತಿರುವ ಜನರೇಟರನ್ನು ಯಾರು ಗಮನಿಸುತ್ತಾರೆ?

ಪ್ರಿನ್ಸಿಪಾಲರು ಗಮನಿಸಿದ್ದು ಶೆಡ್ಡನ್ನು. ಮುರಿದ ಬೆಂಚುಗಳನ್ನು ತುಂಬಲು ಅವರಿಗೆ ಜಾಗ ಬೇಕಿತ್ತು. ಅವಳು ಹೋಗಿ ಎದುರು ನಿಂತಳು. ಅವರು ಕೆಟ್ಟವರಲ್ಲ, ಕೂತಲ್ಲಿಂದ ಏಳದವರು.

"ನೋಡಮ್ಮ, ಜನರೇಟರು ನಿಂತ ಕಡೆ ನಿಂತಿರುತ್ತೆ. ಬಸ್ಸು ಹಾಗಲ್ಲ. ಬರೋ ವಾರ ಶುಕ್ರವಾರ ಓಟದ ತಂಡ ಬೆಟ್ಟದ ಮೇಲಿನ ಕ್ರೀಡಾಕೂಟಕ್ಕೆ ಹೋಗುತ್ತೆ, ನಾನೂ ಬರ್ತೀನಿ. ನಿನ್ನೆಣ್ಣೇಲೇ ಹೋಗಲಿ. ಹತ್ತು ಗಂಟೆಗೆ ಹೆಸರು ಬರೆಸೋದು ಮುಗಿಯುತ್ತೆ. ಅಷ್ಟರೊಳಗೆ ಮುಟ್ಟಿದ್ರೆ ಶೆಡ್ಡು ನಿನ್ನದು. ಇಲ್ಲಾಂದ್ರೆ ಡ್ರಮ್ಮು ಗುಜರಿಗೆ."

"ಆಗಲಿ ಸರ್" ಎಂದಳು. ಅಕ್ಕನಿಗೆ ಹೇಳಿದಾಗ ಅವಳು ಸೌಟು ಎತ್ತಿ ಕುಣಿಯುವುದೊಂದು ಬಾಕಿ. "ಎಣ್ಣೆ ನನ್ನ ಬಾಣಲೇದು, ತಲೆ ತಂಗೀದು, ಬಸ್ಸು ಗಂಡಂದು. ಈ ಕಾಲೇಜನ್ನ ನಮ್ಮ ಹೆಸರಿಗೇ ಬರೆದುಬಿಡಿ ಅಂತ ಹೇಳ್ಬೇಕಿತ್ತು!"

ಬಸ್ಸು ಗಂಡಂದು ಎಂಬುದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಭಾವ ಇಪ್ಪತ್ತಾರು ವರ್ಷದಿಂದ ಆ ಬಸ್ಸಿನ ಡ್ರೈವರು. ದಿನಾ ಬೆಳಿಗ್ಗೆ ಅದಕ್ಕೆ ಸ್ನಾನ ಮಾಡಿಸಿ, ಚಕ್ರದ ನಟ್ಟುಗಳನ್ನೂ ಒಂದೊಂದಾಗಿ ಒರೆಸುವವನು. ಸೀಟಿನ ಪಕ್ಕದ ಪೆಟ್ಟಿಗೆಯಲ್ಲಿ ಲಾಗ್ ಬುಕ್ಕು ಇತ್ತು. ಅದರ ಕೊನೆಯ ಕಾಲಂ 'ದಾರಿಯಲ್ಲಿ ನಿಂತದ್ದು'. ಇಪ್ಪತ್ತಾರು ವರ್ಷವೂ ಆ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ, ಮೊಟ್ಟೆ ಜೋಡಿಸಿಟ್ಟಂತೆ. ಹೊಸಬರು ಯಾರೇ ಬಂದರೂ ಭಾವ ಆ ಪುಸ್ತಕ ತೆಗೆದು ತೋರಿಸುತ್ತಿದ್ದ. ಕೆಲವರು ಮಕ್ಕಳ ಅಂಕಪಟ್ಟಿ ತೋರಿಸುತ್ತಾರಲ್ಲ, ಹಾಗೆ.

ಟ್ಯಾಂಕಿನ ವಿಷಯ ಅವಳು ಸೋಮವಾರಕ್ಕೆ ನಾಲ್ಕು ದಿನ ಮೊದಲೇ ಎತ್ತಿದ್ದಳು.

"ಭಾವ, ಸೋಮವಾರದೊಳಗೆ ಟ್ಯಾಂಕು ಇಳಿಸಿ ತೊಳೀಬೇಕು."

"ದಿನಾ ತೊಳೀತೀನಲ್ಲ."

"ಹೊರಗಲ್ಲ, ಒಳಗೆ. ಡೀಸೆಲ್ಲು ವರ್ಷಗಟ್ಟಲೆ ತಳದಲ್ಲಿ ಜಿಡ್ಡು ಬಿಟ್ಟಿರುತ್ತೆ. ನಮ್ಮೆಣ್ಣೆ ಹೋಗಿ ಅದನ್ನ ಕರಗಿಸಿ ಎಬ್ಬಿಸುತ್ತೆ. ಜನರೇಟರಿಗೆ ಮೊದಲನೇ ವಾರ ಹಾಗೇ ಆಯ್ತು, ಎರಡು ಫಿಲ್ಟರು ಕಟ್ಟಿಕೊಂಡವು."

"ಅಂದ್ರೆ ನನ್ನ ಬಸ್ಸಿನ ಹೊಟ್ಟೇಲಿ ಕೊಳೆ ಇದೆ ಅಂತೀಯ."

"ಎಲ್ಲಾ ಬಸ್ಸಿನ ಹೊಟ್ಟೇಲೂ ಇರುತ್ತೆ."

"ಎಲ್ಲಾ ಬಸ್ಸಿನ ಕಥೆ ನನಗ್ಯಾಕೆ? ನನ್ನ ಬಸ್ಸಿನ ಮಾತಾಡು."

ಸೋಮವಾರ ಮೊದಲ ಕ್ಯಾನು ಎತ್ತುವ ಮುಂಚೆ ಅವಳು ಕೇಳಿದಳು. "ತೊಳೆದ್ರಾ ಭಾವ?"

"ತೊಳೆದಾಯ್ತು" ಎಂದ ಭಾವ. ಪಕ್ಕದ ಕನ್ನಡಿ ಒರೆಸುತ್ತಿದ್ದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಅವಳು ಟ್ಯಾಂಕಿನೊಳಗೆ ಬಗ್ಗಿ ನೋಡಬಹುದಿತ್ತು. ನೋಡಲಿಲ್ಲ. ಹಿರಿಯರ ಮಾತನ್ನು ಟಾರ್ಚು ಹಾಕಿ ನೋಡಲು ಕೈ ಬರಲಿಲ್ಲ. ಅಂದು ಮಧ್ಯಾಹ್ನವೇ ಅಂಗಡಿಗೆ ಹೋಗಿ ಮೂರು ಫಿಲ್ಟರು ತಂದು ಚೀಲದಲ್ಲಿಟ್ಟುಕೊಂಡಳು.

ನಾಲ್ಕು ದಿನ ಬಸ್ಸು ಊರೊಳಗೆ ಸಲೀಸಾಗಿ ಓಡಿತು. ಶುಕ್ರವಾರ ಏಳಕ್ಕೆ ನಲವತ್ತು ಹುಡುಗಿಯರೊಂದಿಗೆ ಹೊರಟಿತು. ಪ್ರಿನ್ಸಿಪಾಲರು ಮುಂದಿನ ಸೀಟಿನಲ್ಲಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೂತರು. ಅವಳು ಡ್ರೈವರ್ ಸೀಟಿನ ಹಿಂದೆ, ತೊಡೆಯ ಮೇಲೆ ಚೀಲ. ಬೆಟ್ಟಕ್ಕೆ ಹದಿನಾಲ್ಕು ತಿರುವು. ಮಾಮೂಲಿಗೆ ಒಂಬತ್ತಕ್ಕೆ ಮೇಲೆ ಇರುತ್ತಿದ್ದರು. ಮೊದಲ ನಾಲ್ಕು ತಿರುವನ್ನು ಬಸ್ಸು ಏದುಸಿರಿಲ್ಲದೆ ಹತ್ತಿತು. ಹಿಂದೆ ಕಪ್ಪು ಹೊಗೆ ಬರಲಿಲ್ಲ. ಹಿಂದಿನ ಸೀಟಿನ ಹುಡುಗಿಯರು ಅದನ್ನು ಕೂಗಿ ಹೇಳಿದರು, ಹೊಗೆಯ ವಾಸನೆಗೆ ಹಸಿವಾಗುತ್ತಿದೆ ಎಂದೂ ಹೇಳಿದರು. ಭಾವನ ಮೀಸೆ ಕನ್ನಡಿಯಲ್ಲಿ ಸಣ್ಣಗೆ ಅಗಲವಾದದ್ದನ್ನು ಅವಳು ನೋಡಿದಳು.

ಐದನೆಯ ತಿರುವಿನಲ್ಲಿ ಬಸ್ಸು ಕೆಮ್ಮಿತು. ಭಾವ ಗೇರು ಇಳಿಸಿದ. ಇನ್ನೊಮ್ಮೆ ಕೆಮ್ಮಿ, ಭುಜ ಕುಸಿದವರ ಹಾಗೆ ಶಕ್ತಿ ಬಿಟ್ಟು, ನಿಂತಿತು.

ಭಾವ ಕೈಬ್ರೇಕು ಎಳೆದು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಇಪ್ಪತ್ತಾರು ವರ್ಷದಲ್ಲಿ ಈ ಕೆಲಸ ಅವನು ಕಲಿತೇ ಇರಲಿಲ್ಲ. ಮುಂದೇನು ಮಾಡಬೇಕೆಂದು ತಿಳಿಯದವನಂತಿದ್ದ. ಆಮೇಲೆ ತಿರುಗದೆಯೇ ಹೇಳಿದ. "ನಿನ್ನೆಣ್ಣೆ."

ಅವಳು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಎಂಜಿನ್ನಿನ ಪಕ್ಕದ ಬಾಗಿಲು ತೆರೆದು ಫಿಲ್ಟರು ಬಿಚ್ಚಿದಳು. ಕಾಗದದ ಮಡಿಕೆ ಮಡಿಕೆಯಲ್ಲೂ ಕಾಡಿಗೆಯಂಥ ಕಪ್ಪು ಜಿಡ್ಡು. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ತರಿತರಿಯಾಗಿ ಹತ್ತಿತು. ಏರಿನಲ್ಲಿ ಟ್ಯಾಂಕು ಓರೆಯಾದಾಗ ತಳವೆಲ್ಲ ಕದಡಿ ಬಂದಿತ್ತು. ನಾಲ್ಕು ದಿನದ ಕೊಳೆಯಲ್ಲ, ನಾಲ್ಕು ತಿಂಗಳದ್ದೂ ಅಲ್ಲ. ಅದನ್ನು ದಾಟಿ ಫಿಲ್ಟರಿನ ಬಟ್ಟಲಿನ ಅಡಿಯಲ್ಲಿ ನಿಂತ ಎಣ್ಣೆ ಮಾತ್ರ ಜೇನಿನ ಬಣ್ಣದ್ದು, ತಿಳಿ. ಪಕ್ಕದಲ್ಲಿ ಬಂದು ನಿಂತ ಭಾವನೂ ನೋಡಿದ. ಅವಳು ತಲೆಯೆತ್ತಿದಳು. ಅವನು ಕಣಿವೆಯ ಕಡೆ ತಿರುಗಿದ.

ಕಿಟಕಿಗಳಲ್ಲಿ ನಲವತ್ತು ತಲೆ. ಬಾಗಿಲಲ್ಲಿ ಪ್ರಿನ್ಸಿಪಾಲರು. ಒಂದು ಮಾತು ಹೇಳಿದ್ದರೆ ಶೆಡ್ಡು ಅಲ್ಲೇ ಉಳಿಯುತ್ತಿತ್ತು, ಭಾವ ಅಲ್ಲೇ ಮುಗಿಯುತ್ತಿದ್ದ. ಅವಳು ಹೇಳಲಿಲ್ಲ. ದೊಡ್ಡ ಮನಸ್ಸೇನಲ್ಲ. ಜಗಳ ಶುರುವಾದರೆ ಅರ್ಧ ಗಂಟೆ ಹೋಗುತ್ತದೆ, ಫಿಲ್ಟರು ಬದಲಿಸಲು ಹತ್ತು ನಿಮಿಷ ಸಾಕು. ಹೊಸದನ್ನು ಕೂರಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದಳು. ಗುಳ್ಳೆ ನಿಂತು ಎಣ್ಣೆ ಬಂತು.

"ಫಿಲ್ಟರು ಎಲ್ಲಿಂದ ಬಂತು?" ಎಂದ ಭಾವ ಸಣ್ಣ ದನಿಯಲ್ಲಿ.

"ಚೀಲದಿಂದ."

"ಎಷ್ಟು ತಂದಿದ್ದೀಯ?"

"ಮೂರು. ನಿಮ್ಮನ್ನ ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಲ್ಲ ಭಾವ."

ಹನ್ನೊಂದು ನಿಮಿಷ ಹೋಗಿತ್ತು. ಒಂಬತ್ತನೆಯ ತಿರುವಿನಲ್ಲಿ ಬಸ್ಸು ಎರಡನೆಯ ಸಲ ನಿಂತಿತು. ಈ ಸಲ ಭಾವ 'ನಿನ್ನೆಣ್ಣೆ' ಎನ್ನಲಿಲ್ಲ. ಅವಳಿಗಿಂತ ಮೊದಲು ಇಳಿದು ಸ್ಪ್ಯಾನರು ಹಿಡಿದು ನಿಂತ. ಅದೇ ಕಪ್ಪು, ಮೊದಲಿಗಿಂತ ಕಡಿಮೆ. ಇಬ್ಬರ ಕೈ ಸೇರಿದ್ದರಿಂದ ಒಂಬತ್ತು ನಿಮಿಷದಲ್ಲಿ ಮುಗಿಯಿತು. ಪ್ರಿನ್ಸಿಪಾಲರು ಮೇಲಿಂದಲೇ ತೀರ್ಪು ಕೊಟ್ಟರು.

"ನಾನು ಹೇಳಿರಲಿಲ್ವೇನಮ್ಮ? ಅಡುಗೆ ಎಣ್ಣೆ ಅಡುಗೆಮನೆಗೇ ಸರಿ. ಬೆಟ್ಟ ಹತ್ತೋ ಪದಾರ್ಥ ಅಲ್ಲ ಅದು."

ಭಾವ ಸ್ಪ್ಯಾನರನ್ನು ಒರೆಸಿ, ಇನ್ನೊಮ್ಮೆ ಒರೆಸಿದ. ಅವಳು "ಹತ್ತಿ ಕೂತ್ಕೊಳ್ಳಿ ಸರ್" ಎಂದಳು.

ಹನ್ನೆರಡನೆಯ ತಿರುವು ದಾಟಿ ಮೂರನೆಯ ಸಲ ನಿಂತಾಗ ಗಡಿಯಾರ ಒಂಬತ್ತು ದಾಟಿ ಹತ್ತು ನಿಮಿಷ ತೋರಿಸುತ್ತಿತ್ತು. ಉಳಿದದ್ದು ಒಂದು ಫಿಲ್ಟರು. ಆದರೆ ಬಿಚ್ಚಿದರೆ ಒಳಗಿನ ಕಾಗದ ಬೆಳ್ಳಗಿತ್ತು. ಇದು ಟ್ಯಾಂಕಲ್ಲ. ಇನ್ನೆಲ್ಲೋ ಎಣ್ಣೆ ಸೋರುತ್ತಿದೆ, ಎಂಜಿನ್ನಿಗೆ ಮುಟ್ಟುತ್ತಿಲ್ಲ.

"ಜನರೇಟರಿಗೆ ಹೀಗಾಗಿತ್ತಾ?" ಎಂದ ಭಾವ.

"ಇಲ್ಲ. ಅದಕ್ಕೆ ತಾಮ್ರದ ಪೈಪು." ಹೇಳುತ್ತಿದ್ದಂತೆ ಅವಳಿಗೆ ಗೊತ್ತಾಯಿತು. "ನಿಮ್ಮದಕ್ಕೆ?"

"ರಬ್ಬರು."

ಬಯೋಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆಂದು ಮೇಷ್ಟ್ರು ಬಿಟ್ಟುಹೋದ ಪುಸ್ತಕದಲ್ಲಿ ಒಂದು ಸಾಲಿತ್ತು. ಅವಳು ಓದಿದ್ದಳು, ದಾಟಿ ಮುಂದೆ ಹೋಗಿದ್ದಳು. ಶೆಡ್ಡಿನಲ್ಲಿ ರಬ್ಬರೇ ಇರಲಿಲ್ಲ. ಈಗ ಬಸ್ಸಿನಡಿ ಅಂಗಾತ ಮಲಗಿ ನೋಡಿದರೆ ಎಲ್ಲ ಕಡೆ ಜಿಡ್ಡು, ಎಲ್ಲ ಕಡೆ ಒದ್ದೆ, ಅಲ್ಲಿ ಮೂರು ಪೈಪು. ಹಳೆಯ ಎಂಜಿನ್ ಆಯಿಲಿನ ಪಸೆ ಯಾವುದು, ಹೊಸದಾಗಿ ಸೋರಿದ್ದು ಯಾವುದು? ಕಣ್ಣಿಗೆ ಎರಡೂ ಒಂದೇ. ಬೇರೆಯವರಾಗಿದ್ದರೆ ಮೂಗು ಹೇಳಿಬಿಡುತ್ತಿತ್ತು. ಅವಳು ಹೊರಗೆ ತಲೆ ಹಾಕಿದಳು.

"ಸರ್, ಸ್ವಲ್ಪ ಇಳಿದು ಬರ್ತೀರಾ? ನಿಮ್ಮ ಮೂಗು ಬೇಕಿತ್ತು."

"ಏನು ಬೇಕಿತ್ತು?"

"ಮೂಗು ಸರ್. ಬೆಳಿಗ್ಗೆಯಿಂದ ನಿಮಗಿಂತ ಚೆನ್ನಾಗಿ ಈ ವಾಸನೆ ಹಿಡಿದವರು ಬಸ್ಸಲ್ಲಿ ಯಾರೂ ಇಲ್ಲ."

ಹುಡುಗಿಯರು ನಗು ತಡೆಯಲು ಒಬ್ಬರ ಬೆನ್ನಿಗೊಬ್ಬರು ಮುಖ ಒತ್ತಿಕೊಂಡರು. ಪ್ರಿನ್ಸಿಪಾಲರು ಕೋಪ ಮಾಡಿಕೊಳ್ಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದರು. ಹತ್ತು ಗಂಟೆ ಅವರಿಗೂ ಹತ್ತೇ ಗಂಟೆ. ಕೋಟು ಬಿಚ್ಚಿ ಒಬ್ಬಳ ಕೈಗೆ ಕೊಟ್ಟು, ಭಾವ ಹಾಸಿದ ಗೋಣಿಚೀಲದ ಮೇಲೆ ಮೊಣಕಾಲೂರಿದರು. ಕರವಸ್ತ್ರ ತೆಗೆದರು. ಆರು ವರ್ಷದಲ್ಲಿ ಶೆಡ್ಡಿನ ಹೊಸ್ತಿಲು ತುಳಿಯದ ಮನುಷ್ಯ ಬಸ್ಸಿನ ಹೊಟ್ಟೆಯ ಕೆಳಗೆ ಒಂದೊಂದೇ ಪೈಪು ಮೂಸುತ್ತ ಬಂದರು.

"ಇಲ್ಲಿ ಇಲ್ಲ... ಇದು ಆಯಿಲು... ಇದೂ ಆಯಿಲು... ತಡಿ. ಇಲ್ಲಿ. ಇಲ್ಲಿ ಆಲೂಗಡ್ಡೆ ಕರೀತಿದ್ದಾರೆ!"

ಆ ದನಿಯಲ್ಲಿ ಗೆದ್ದ ಹುಡುಗನ ಸಂಭ್ರಮವಿತ್ತು. ಅವಳು ಬಟ್ಟೆಯಲ್ಲಿ ಆ ಜಾಗ ಒರೆಸಿ ಒತ್ತಿದಳು. ಪಂಪಿನಿಂದ ಫಿಲ್ಟರಿಗೆ ಹೋಗುವ ಪೈಪಿನ ತುದಿ ನೆನೆದ ಬ್ರೆಡ್ಡಿನಂತೆ ಮೆತ್ತಗಾಗಿ ಸೀಳಿತ್ತು. ಭಾವ ಚಾಕು ಕೊಟ್ಟ. ಒಂದು ಗೇಣು ಕತ್ತರಿಸಿ ಎಸೆದು, ಗಟ್ಟಿ ಇದ್ದ ಭಾಗವನ್ನು ಎಳೆದು ಕೂರಿಸಿ, ಕ್ಲಿಪ್ಪು ಬಿಗಿದರು. ಎಳೆದದ್ದು ಮುಟ್ಟಿತು, ಆದರೆ ಕಷ್ಟಪಟ್ಟು. ಪ್ರಿನ್ಸಿಪಾಲರು ತಾವೇ ಕೈಪಂಪು ಒತ್ತಿದರು, ಯಾರೂ ಹೇಳಿರಲಿಲ್ಲ. ಹದಿನೆಂಟು ನಿಮಿಷ.

ಆಮೇಲೆ ಬಸ್ಸು ನಿಲ್ಲಲಿಲ್ಲ. ಕೊನೆಯ ಎರಡು ತಿರುವು ಅತಿ ಕಡಿದು. ಅವನ್ನು ಅದು ನಲವತ್ತು ಹುಡುಗಿಯರ ಕೂಗಿನೊಂದಿಗೆ ಹತ್ತಿತು. ಮೈದಾನದ ಗೇಟಿನಲ್ಲಿ ಭಾವ ಎಂಜಿನ್ ಆರಿಸಿದಾಗ ಒಂಬತ್ತು ಮೂವತ್ತೆಂಟು. ಪ್ರಿನ್ಸಿಪಾಲರು ಕೋಟು ಹಾಕಿಕೊಳ್ಳುವುದನ್ನೂ ಮರೆತು ಹುಡುಗಿಯರನ್ನು ಕರೆದುಕೊಂಡು ಹೆಸರು ಬರೆಸಲು ಓಡಿದರು. ವಾಪಸು ಬಂದಾಗ ಹತ್ತಕ್ಕೆ ಇನ್ನೂ ಎಂಟು ನಿಮಿಷವಿತ್ತು.

ಭಾವ ಪೆಟ್ಟಿಗೆಯಿಂದ ಲಾಗ್ ಬುಕ್ಕು ತೆಗೆದು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಪೆನ್ನಿನ ಮುಚ್ಚಳ ಹಲ್ಲಲ್ಲಿ. ಅವಳು ಒಂದು ಮಾರು ದೂರದಲ್ಲಿ ಕೈ ಒರೆಸುತ್ತ ನಿಂತಿದ್ದಳು. ಕೊನೆಯ ಕಾಲಮ್ಮಿಗೆ ಬಂದಾಗ ಅವನ ಪೆನ್ನು ಅಭ್ಯಾಸಬಲದಿಂದ ಸೊನ್ನೆಯ ಬಾಗು ಎಳೆಯಲು ಹೊರಟು ನಿಂತಿತು. ಆಮೇಲೆ ನೇರವಾಗಿ '3' ಎಂದು ಬರೆದ. ಷರಾ ಬರೆಯುವ ಜಾಗದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಮುಂದುವರಿಸಿದ. ಸಹಿಗೆ ಬಂದ ಪ್ರಿನ್ಸಿಪಾಲರು ಅದನ್ನು ಗಟ್ಟಿಯಾಗಿ ಓದಿದರು.

"'ಟ್ಯಾಂಕಿನ ತಳ ಕೊಳೆಯಾಗಿತ್ತು. ತೊಳೆಯಲು ಮೊದಲೇ ಹೇಳಿದ್ದರು. ಚಾಲಕ ತೊಳೆಯದೆ ತೊಳೆದೆ ಎಂದು ಹೇಳಿದ್ದಾನೆ. ಎಣ್ಣೆಯಲ್ಲಿ ದೋಷವಿಲ್ಲ.'" ಅವರು ಕನ್ನಡಕದ ಮೇಲಿಂದ ನೋಡಿದರು. "ಇದೆಲ್ಲ ಬರೀಲೇಬೇಕೇನಯ್ಯ? ಮುಂದಿನ ವರ್ಷ ರಿಟೈರ್ ಆಗ್ತೀಯ. ಸುಮ್ನೆ ಫಿಲ್ಟರು ಹೋಯ್ತು ಅಂತ ಬರಿ, ಸಹಿ ಮಾಡ್ತೀನಿ."

"ಇಪ್ಪತ್ತಾರು ವರ್ಷ ಇದರಲ್ಲಿ ನಿಜ ಬರೆದಿದ್ದೀನಿ ಸರ್" ಎಂದ ಭಾವ. "ಇವತ್ತೊಂದಿನ ಸುಳ್ಳು ಬರೆದರೆ ಹಿಂದಿನ ಸೊನ್ನೆಗಳನ್ನ ಯಾರು ನಂಬ್ತಾರೆ?"

ಪ್ರಿನ್ಸಿಪಾಲರು ಸಹಿ ಹಾಕಿದರು. ಬೆರಳಿಗೆ ಹತ್ತಿದ್ದ ಜಿಡ್ಡು ಪುಟದ ಮೂಲೆಗೂ ಹತ್ತಿತು. ಬೆರಳನ್ನು ಮೂಸಿ ನೋಡಿ, "ಬೆಂಚು ಇಡೋಕೆ ಬೇರೆ ಜಾಗ ನೋಡೋಣ" ಎಂದು, ಶಿಳ್ಳೆ ಕೇಳಿ ಮೈದಾನದ ಕಡೆ ನಡೆದರು.

"ಭಾವ, ಪೈಪು ನನ್ನ ತಪ್ಪು. ಅದನ್ನೂ ಬರೀರಿ" ಎಂದಳು ಅವಳು.

"ನಿನ್ನ ತಪ್ಪು ನಿನ್ನ ಪುಸ್ತಕದಲ್ಲಿ ಬರಕೋ. ಇದು ನನ್ನದು." ಪುಸ್ತಕ ಮಡಿಚಿ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆ ಮುಚ್ಚುತ್ತ ಹೇಳಿದ. "ಭಾನುವಾರ ಟ್ಯಾಂಕು ಇಳಿಸ್ತೀನಿ. ನೀನು ಬಂದು ಒಳಗೆ ಕೈ ಹಾಕಿ ನೋಡು. ಟಾರ್ಚೂ ತಗೊಂಡು ಬಾ."

"ಬರ್ತೀನಿ."

"ಅಕ್ಕನಿಗೆ ಹೇಳಬೇಡ."

"ಅಕ್ಕನಿಗೆ ಈಗಾಗಲೇ ಗೊತ್ತು ಭಾವ. ಮೂರು ಫಿಲ್ಟರು ತರೋಕೆ ಹೇಳಿದ್ದೇ ಅವಳು. ನಾನು ಎರಡು ಸಾಕು ಅಂದಿದ್ದೆ."

ಭಾವನಿಗೆ ನಗು ಬಂತು, ತಡೆಯಲಾಗಲಿಲ್ಲ. ಬಕೆಟ್ಟು ತೆಗೆದುಕೊಂಡು ನಲ್ಲಿ ಹುಡುಕಿಕೊಂಡು ಹೋದ. ಬೆಟ್ಟದ ಧೂಳು ಬಸ್ಸಿನ ಮುಖದ ಮೇಲೆ ಕೂತಿತ್ತು, ಅದನ್ನು ಹಾಗೆ ಬಿಡಲು ಅವನಿಗೆ ಬರುತ್ತಿರಲಿಲ್ಲ. ಮೈದಾನದಲ್ಲಿ ಮೊದಲ ಓಟಕ್ಕೆ ಹುಡುಗಿಯರು ಸಾಲಾಗಿ ಬಗ್ಗುತ್ತಿದ್ದರು. ಅವಳು ಮೆಟ್ಟಿಲ ಮೇಲೆ ಕೂತು ಚೀಲದಿಂದ ನೋಟ್‌ಬುಕ್ಕು ತೆಗೆದು, ಅರವತ್ತೊಂದನೆಯ ಪುಟ ಬಿಡಿಸಿದಳು. 'ಬಂದದ್ದು' ಎಂಬುದರ ಕೆಳಗೆ ಬರೆದಳು: ನಲವತ್ತು ಹುಡುಗಿಯರು, ಹದಿನಾಲ್ಕು ತಿರುವು. ಆಮೇಲೆ ಪಕ್ಕದ ತಲೆಬರಹದ ಕೆಳಗೆ, ಮೊದಲು ಪೈಪಿನ ತಪ್ಪು ಯಾರದೆಂದು ಒಂದು ಸಾಲು ಬರೆದು, ಎಣಿಸಿದಳು.

ಹೋದದ್ದು: ಎರಡು ಫಿಲ್ಟರು, ಒಂದು ಗೇಣು ರಬ್ಬರ್ ಪೈಪು, ಮೂವತ್ತೆಂಟು ನಿಮಿಷ, ಒಂದು ಸೊನ್ನೆ.